ಲಾಡಿಯ ತುದಿ

ಈ ಆಸ್ಪತ್ರೆ ದಿಂಬಿನ ಚೀಲ ಒಗೆದ ಮಹಾನುಭಾವ ಯಾರಪ್ಪಾ? — ಕೇಳಿದ್ದು ಯಾರನ್ನೂ ಅಲ್ಲ, ತಲೆಯ ಮೇಲೆ ಗರಗರ ಅನ್ನುತ್ತಿದ್ದ ಫ್ಯಾನನ್ನಿರಬೇಕು, ಅಂಚಿನಲ್ಲಿ ಹಳದಿ ಹಾಗೇ ಕೂತಿದೆ, ಬೆವರಿನ ಕಲೆ ತೆಗೆಯದೆ ಇಸ್ತ್ರಿ ಎಳೆದಿದ್ದಾನೆ ಕತ್ತೆ, ಕಲೆ ಸುಟ್ಟು ನೂಲಿಗೇ ಕಚ್ಚಿದೆ, ಇನ್ನು ಏಳು ಜನ್ಮಕ್ಕೂ ಹೋಗದು — ಅಥವಾ ಹಳದಿ ತನ್ನ ಕಣ್ಣಿನದೇನೋ, ಬೆಳಿಗ್ಗೆ ನರ್ಸು ರೆಪ್ಪೆ ಎಳೆದು ನೋಡಿ ಪೂರ್ತಿ ಅರಿಶಿನ ಆಗಿದೆಯಲ್ಲ ಅಜ್ಜ ಅಂದಳು, ಅಜ್ಜನಂತೆ ಅಜ್ಜ, ಅವಳ ಕೋಟಿನ ತೋಳಲ್ಲಿ ಟೀ ಕಲೆ, ಅದು ಕಾಣಲಿಲ್ಲ ಅವಳಿಗೆ — ಅಯ್ಯೋ, ಮತ್ತೆ ಬಂತು, ಬಲಪಕ್ಕೆಯ ಕೆಳಗೆ ಯಾರೋ ಇಬ್ಬರು ಒದ್ದೆ ಕಂಬಳಿಯನ್ನು ಎರಡು ಕಡೆಯಿಂದ ಹಿಂಡುತ್ತಿದ್ದಾರೆ, ನೋವು ಬೆನ್ನಿಗೆ ಹಾಯುತ್ತದೆ, ಸ್ಟೂಲಿನ ಮೇಲೆ ಹೆಂಡತಿ ಕಣ್ಣುಮುಚ್ಚಿ ಪದ್ಯ ಹೇಳಿಕೊಳ್ಳುತ್ತಿದ್ದಾಳೆ, ತುಟಿ ಮಾತ್ರ ಆಡುತ್ತಿದೆ, ದೇವರಿಗೂ ಕೇಳಿಸದಷ್ಟು ಮೆಲ್ಲಗೆ. ಡಾಕ್ಟರಮ್ಮ ಸ್ಕ್ಯಾನಿನ ಪರದೆಯ ಮೇಲೆ ಬೆರಳಿಟ್ಟಿದ್ದಳು, ನೋಡಿ, ಇದು ಪಿತ್ತನಾಳ, ಒಳಗಿರೋ ಬಿಳಿ ಗೆರೆ ಜಂತುಹುಳ, ಕರುಳಿಂದ ಮೇಲಕ್ಕೆ ಹತ್ತಿದೆ, ಬಾಲ ಇನ್ನೂ ಕೆಳಗೇ ಇದೆ, ಅದಕ್ಕೇ ಮೇದೋಜೀರಕ ಗ್ರಂಥಿನೂ ಊದಿಕೊಂಡಿರೋದು, ಬಾಯಿಂದ ಕೊಳವೆ ಇಳಿಸಿ ಎಳೆದುಹಾಕ್ತೀವಿ — ಪೈಜಾಮದ ಸೊಂಟದ ಮಡಿಕೆಯೊಳಗೆ ಲಾಡಿ ಪೋಣಿಸಿದ ಹಾಗೆ, ತುದಿಯೊಂದು ಹೊರಗೆ, ಅದು ಮಿಸುಕಿತು.

ತನಗೆ ಹುಳವೇ, ಊರಿನ ಕೊಳೆಯನ್ನೆಲ್ಲ ಬಿಳುಪು ಮಾಡಿದ ಲಾಂಡ್ರಿಯವನಿಗೆ, ಕಾಲರ್ ನೋಡಿದರೆ ಮನುಷ್ಯನ ಯೋಗ್ಯತೆ ತಿಳಿಯುತ್ತಿತ್ತು, ಕೋರ್ಟಿನ ವಕೀಲ, ಬ್ಯಾಂಕಿನ ಮ್ಯಾನೇಜರು, ಎಲ್ಲ ಮೇಲೆ ಥಳಕು ಒಳಗೆ ಹುಳುಕು, ಕಲೆ ಯಾವುದು ಅಂತ ಅವರಿಗೇ ಗೊತ್ತಿಲ್ಲ, ತಾನು ಒದ್ದೆ ಬೆರಳನ್ನು ಕಲೆಗೆ ಒರೆಸಿ ನಾಲಿಗೆಗೆ ಮುಟ್ಟಿಸಿದರೆ ಸಾಕು, ಉಪ್ಪಾದರೆ ಬೆವರು, ಸಿಹಿಯಾದರೆ ಶರಬತ್ತು, ಚಪ್ಪೆ ಚಪ್ಪೆ ಕರಕರ ಅಂದರೆ ಮಣ್ಣು, ಅಪ್ಪ ಕಲಿಸಿದ ವಿದ್ಯೆ — ಮಣ್ಣು ಬಾಯಿಗೆ ಹೋಗೋ ಕೆಲಸ ಏನಾದ್ರೂ ಮಾಡ್ತೀರಾ ಅಂತ ಡಾಕ್ಟರಮ್ಮ ಕೇಳಿದಾಗ ಛೆ ನಾನಾ ಅಂದ, ಅಷ್ಟರಲ್ಲಿ ಇವಳು, ತೋಟದ ಮಾಲಿಗಳ ಬಟ್ಟೆ ನೆಕ್ಕಿ ನೋಡ್ತಾರೆ ಡಾಕ್ಟ್ರೇ, ಮನೆಮುರುಕಿ, ಡಾಕ್ಟರಮ್ಮ ನಗು ನುಂಗಿಕೊಂಡಳು, ಹುಳದ ಮೊಟ್ಟೆ ಇರೋದೇ ಮಣ್ಣಲ್ಲಿ ಯಜಮಾನ್ರೇ. ಅಂಗಡಿಯಲ್ಲಿ ಕೆಲಸಕ್ಕಿದ್ದ ಇಸ್ತ್ರಿಯವಳ ಮಗಳು ಹಿಂದೆ ಬಯಲಿಗೆ ಕೂತು ಮಲದಲ್ಲಿ ಹುಳ ಕಂಡು ಕಿರುಚಿದ ದಿನ ಇದೇ ಇವಳು ಓಡಿ ಮಗುವನ್ನು ಎತ್ತಿಕೊಂಡಿದ್ದಳು, ತಾನು ಬೀದಿಗೆಲ್ಲ ಕೇಳುವ ಹಾಗೆ ಕೂಗಿದ್ದ, ಹುಳಬಿದ್ದ ಮನೆಯವರು ನನ್ನ ಗಿರಾಕಿಗಳ ಬಟ್ಟೆ ಮುಟ್ಟಬಾರದು, ಎತ್ತು ನಿನ್ನ ಗಂಟು — ಹತ್ತು ವರ್ಷ ಒಂದು ಮಡಿಕೆ ತಪ್ಪದ ಕೈ, ಆದರೇನು, ಗಲೀಜು ಗಲೀಜೇ. ಅವತ್ತು ಸಂಜೆ ಇವಳು ಮನೆಮಂದಿಗೆಲ್ಲ ಹುಳದ ಮಾತ್ರೆ ಹಂಚಿದಳು, ನೀವೂ ನುಂಗಿ ರೀ, ದವಡೆಗೆ ಒತ್ತರಿಸಿಕೊಂಡು ಹೋಗಿ ಗಂಜಿಯ ಬಾನಿಗೆ ಉಗುಳಿದ, ಕೊಳಕರ ಮದ್ದು ತನಗೇಕೆ.

ಏಳಿ ಅಜ್ಜ, ನಿಮ್ಮನ್ನ ನೋಡೋಕೆ ಬಂದಿದ್ದಾರೆ, ನರ್ಸು ಅಂದಳು — ಯಾರು, ಬಾಗಿಲ ಗಾಜಿನಾಚೆ ಬೀದಿಯ ನಾಲ್ಕು ಮುಖ, ಟೈಲರು, ಹಾಲಿನವನು, ಬಾಯಿಬಡುಕ ಸೋಡಾದವನು, ಎಲ್ಲರ ಹಿಂದೆ ಅವಳು, ಇಸ್ತ್ರಿಯವಳು, ಮಗಳ ಕೈಹಿಡಿದು, ಅವಳ ಮುಸುಕಿನ ಮಡಿಕೆ ಕತ್ತರಿಸಿಟ್ಟ ಹಾಗೆ ನೇರ, ಬಂದಳಾ ಹಂಗಿಸೋಕೆ, ಅನುಕಂಪ ಬೇರೆ ಇರಬೇಕು ಆ ಮುಖದಲ್ಲಿ, ಥೂ, ಅದಕ್ಕಿಂತ ಹಂಗಿಸುವುದೇ ವಾಸಿ, ಹುಳದ ಸುದ್ದಿ ತಿಳಿದರೆ ನಾಳೆಯಿಂದ ಅಂಗಡಿಗೆ ಒಂದು ಕರವಸ್ತ್ರವೂ ಬೀಳದು — ಹೆಂಡತಿಯ ಮಣಿಕಟ್ಟು ಹಿಡಿದ, ಕೇಳೇ, ಪಿತ್ತಕೋಶದಲ್ಲಿ ಕಲ್ಲು ಅನ್ನು, ದೊಡ್ಡ ಮನುಷ್ಯರಿಗೆಲ್ಲ ಬರುತ್ತೆ, ಕಲ್ಲು, ಅಷ್ಟೇ, ನಿನ್ನ ದಮ್ಮಯ್ಯ. ಅವಳ ತುಟಿಯ ಮೇಲಿನ ಪದ್ಯ ನಿಂತಿತು, ಕಣ್ಣು ತೆರೆದಳು, ಹಳೆ ಕಲೆ ನೋಡುವ ಹಾಗೆ ನೋಡಿದಳು, ಅದು ತಾನು ಗಿರಾಕಿಗಳನ್ನು ನೋಡುವ ನೋಟ, ಎಲ್ಲಿ ಕಲಿತಳು ಇವಳು — ಮಣಿಕಟ್ಟು ಬಿಡಿಸಿಕೊಂಡು ಎದ್ದಳು, ಬಾಗಿಲಿಗೆ ಹೋಗುತ್ತಿದ್ದಾಳೆ, ಒಳಗೆ ಬಿಳಿ, ತುದಿ ಹೊರಗೆ, ಯಾರಾದರೂ ಎಳೆಯಲೆಂದು ಕಾದ ಲಾಡಿ, ತುದಿ ಮಿಸುಕುತ್ತಿದೆ —

ಕಲ್ಲು ಅಂತ ನಾನು ಹೇಳಲ್ಲ ರೀ.