ಬೆಲ್ಲದ ಅಂಟು

ಜಾಲ್ಸೂರಿನ ಬೇಸಿಗೆ ಶಿಬಿರದಲ್ಲಿ ಚಿತ್ರ ಕಲಿಸುವ ಹರಿಣಾಕ್ಷಿಗೆ ಒಂದು ವರ್ಷದಿಂದ ಹೊಟ್ಟೆಯೊಳಗೆ ಬೆಂಕಿ. ಕಳೆದ ಸಲ ಮಕ್ಕಳು ಚೆಂಡೆಯ ಪೆಟ್ಟು ಕೇಳುತ್ತ ಬಣ್ಣದ ಕಾಗದ ಹರಿದು ದೊಡ್ಡದೊಂದು ಚಿತ್ರ ಜೋಡಿಸಿದ್ದರು, ಅಡಿಯಲ್ಲಿ ತಮ್ಮ ಹೆಸರು ಬರೆದಿದ್ದರು. ಶಿಬಿರದ ಸಂಚಾಲಕ ಸರ್ವೋತ್ತಮ ಆ ಹೆಸರುಗಳ ಮೇಲೆ ತನ್ನ ಹೆಸರಿನ ಚೀಟಿ ಅಂಟಿಸಿ, ಪ್ರದರ್ಶನಕ್ಕೆ ಒಯ್ದು, ಶಾಲು ಹೊದಿಸಿಕೊಂಡು ಬಂದ. ಫೋಟೋ ನೋಡಿದ ಎರಡನೇ ಕ್ಲಾಸಿನ ಪ್ರಣೀತಾ, "ಟೀಚರ್, ನನ್ನ ಹೆಸರು ಎಲ್ಲಿ ಹೋಯ್ತು?" ಎಂದು ಕೇಳಿದ್ದಳು. ಆ ಪ್ರಶ್ನೆಯ ಉರಿ ಹರಿಣಾಕ್ಷಿಗೆ ಇನ್ನೂ ಆರಿಲ್ಲ. ಬಿಡುತ್ತಾಳೆಯೇ ಅವಳು? ಬಿಡುವ ಪೈಕಿಯೇ ಅಲ್ಲ.

ಈ ಸಲವೂ ಚೆಂಡೆಯೇ. ಜೋರು ಪೆಟ್ಟಿಗೆ ಕೆಂಪು ಅಗಲ ಚೂರು, ಮೆತ್ತಗಿನದಕ್ಕೆ ಹಳದಿ ಎಳೆ. ಮಕ್ಕಳು ಹರಿದರು, ಜೋಡಿಸಿದರು, ಹೆಸರು ಬರೆದರು. ಅಂಟು ಹಚ್ಚುವುದು ಮಾತ್ರ ಅವಳೇ. ಅಡಿಕೆಗೆ ಮದ್ದು ಬಿಡಲು ಮನೆಯಲ್ಲಿ ತಂದಿಟ್ಟ ಮೈಲುತುತ್ತಿನ ನೀಲಿ ಪುಡಿಯನ್ನು ಚಿಟಿಕೆಯಷ್ಟು ಮೈದಾ ಅಂಟಿಗೆ ಬೆರೆಸುತ್ತಾಳೆ. ಅದಿದ್ದರೆ ಜಿರಳೆ ಕಾಗದ ಮುಟ್ಟುವುದಿಲ್ಲ.

ಸರ್ವೋತ್ತಮ ಬಂದ, ಕೈಯಲ್ಲಿ ಮತ್ತೆ ಚೀಟಿ.

"ಇದನ್ನು ಆ ಹೆಸರುಗಳ ಮೇಲೆ ಅಂಟಿಸಿ ಮಾರಾಯ್ರೆ. ಮಕ್ಕಳಿಗೆ ಹೆಸರು ಎಂತಕ್ಕೆ? ಒಂದೊಂದು ಐಸ್‌ಕ್ರೀಮ್ ಕೊಟ್ರೆ ಆಯ್ತು."

"ಆಯ್ತು ಸರ್. ಚಂದ ಮಾಡಿ ಅಂಟಿಸ್ತೇನೆ."

ಚಂದವೇ ಮಾಡಿದಳು. ಮಕ್ಕಳ ಹೆಸರುಗಳ ಮೇಲೆ ಮೈಲುತುತ್ತಿನ ಅಂಟನ್ನು ತೆಳ್ಳಗೆ ಬಳಿದು ಒಣಗಿಸಿದಳು. ಅವನ ಚೀಟಿಗೆ ಬೇರೆಯೇ ಅಂಟು ಕಾಯಿಸಿದಳು. ತುತ್ತು ಇಲ್ಲ, ಬದಲಿಗೆ ಬೆಲ್ಲ. ಚೀಟಿಯ ಮೇಲೂ ಇನ್ನೊಂದು ಕೈ ಬಳಿದಳು. ಬಟ್ಟೆ ಮುಚ್ಚಿ ಸಭಾಭವನದ ಉಗ್ರಾಣದಲ್ಲಿ ಇಟ್ಟಳು. ಮದುವೆ ಪಾತ್ರೆಗಳ ಆ ಕೋಣೆಯಲ್ಲಿ ಜಿರಳೆಗಳದ್ದೇ ಸಂಸಾರ.

"ತಿನ್ನಿ, ಹೊಟ್ಟೆ ತುಂಬ ತಿನ್ನಿ" ಎಂದು ಬಾಗಿಲು ಎಳೆದುಕೊಂಡಳು.

ಸಮಾರೋಪದ ದಿನ ಬಟ್ಟೆ ಸಮೇತ ಚಿತ್ರವನ್ನು ಅವಳೇ ವೇದಿಕೆಗೆ ತಂದಿಟ್ಟಳು. ಸರ್ವೋತ್ತಮ ಅಪ್ಪ ಅಮ್ಮಂದಿರ ಎದುರು "ನನ್ನ ಈ ಕೃತಿ" ಎಂದು ಶುರು ಮಾಡಿ ಬಟ್ಟೆ ಸರಿಸಿದ. ಚಿತ್ರಕ್ಕೆ ಏನೂ ಆಗಿರಲಿಲ್ಲ. ಜಿರಳೆ ತಿಂದು ಅವನ ಚೀಟಿಯದ್ದು ಒಂದು ಮೂಲೆ ಮಾತ್ರ ಉಳಿದಿತ್ತು, ಚೀಟಿ ಇದ್ದ ಜಾಗದಲ್ಲಿ ಮಕ್ಕಳ ಹೆಸರುಗಳು ಎದ್ದು ಕಾಣುತ್ತಿದ್ದವು. ಅತಿಥಿಯಾಗಿ ಬಂದಿದ್ದ ಶಂಕರಿಯಮ್ಮ ಕನ್ನಡಕ ಏರಿಸಿ ಒಂದೊಂದೇ ಹೆಸರು ಓದಿದರು. ತನ್ನ ಹೆಸರು ಬಂದಾಗ ಪ್ರಣೀತಾ ಕುರ್ಚಿ ಹತ್ತಿ ನಿಂತಳು. ಸಭೆ ಚಪ್ಪಾಳೆ ತಟ್ಟಿತು. ಸರ್ವೋತ್ತಮನೂ ತಟ್ಟಬೇಕಾಯಿತು.

ಕೆಳಗಿಳಿದವನು ಹಲ್ಲು ಕಚ್ಚಿ, "ಎಂತ ಅಂಟು ಹಾಕಿದ್ರಿ ನೀವು?" ಎಂದ.

"ನಿಮ್ಮದಕ್ಕೆ ಸ್ಪೆಷಲ್ ಸರ್, ಬೆಲ್ಲ ಹಾಕಿದ್ದು" ಎನ್ನುತ್ತ ಹರಿಣಾಕ್ಷಿ ಮಕ್ಕಳಿಗೆ ಹಂಚುತ್ತಿದ್ದ ಐಸ್‌ಕ್ರೀಮಿನಲ್ಲಿ ಒಂದನ್ನು ಅವನ ಕೈಗಿಟ್ಟಳು.