ಮರಿಗೆ ತಂದ ಮೊಟ್ಟೆ

ನಾಯಿಮರಿ ಮತ್ತೆ ವಾಂತಿ ಮಾಡಿಕೊಂಡಿತು, ಅದೂ ಸಿದ್ಧಲಿಂಗೇಶನ ಇಸ್ತ್ರಿ ಮಾಡಿದ ಪ್ಯಾಂಟಿನ ಮೇಲೆ. ಇನ್ನೇನು ಅದರ ಕುತ್ತಿಗೆ ಹಿಡಿದೆತ್ತಿ ಹಿತ್ತಲಿಗೆ ಎಸೆಯುತ್ತಾನೆ ಅಂತ ಬಾಗಿಲಲ್ಲಿ ನಿಂತಿದ್ದ ಗಂಗಾಶ್ರೀ ಕಾದಳು. ಎಲ್ಲಿ ಬಂತು! "ಇರ್ಲಿ ಬಿಡೋ ರಾಜಾ, ಎಲ್ಲಾ ಹೊರಗ ಬಂದುಬಿಡ್ಲಿ" ಅನ್ನುತ್ತ ಅವನು ತನ್ನ ಕರ್ಚೀಫಿನಿಂದಲೇ ಅದರ ಮೂತಿ ಒರೆಸಿದ. ಮದುವೆಯಾಗಿ ಇಷ್ಟು ವರ್ಷವಾದರೂ ಹೆಂಡತಿಯನ್ನು ಒಮ್ಮೆ ರಾಣಿ ಅಂದವನಲ್ಲ ಈ ಮಹಾರಾಯ. ಗಂಗಾಶ್ರೀ ಒಳಗೆ ಹೋಗಿ ಈರುಳ್ಳಿ ಹೆಚ್ಚತೊಡಗಿದಳು. ಆವತ್ತು ಈರುಳ್ಳಿ ಹೆಚ್ಚುವ ಅಡಿಗೆಯೇ ಇರಲಿಲ್ಲ.

ಶಿರಾಳಕೊಪ್ಪದ ಸಂತೆ ಎದ್ದ ಮೇಲೆ ಕೊಳೆತ ಎಲೆಕೋಸಿನ ರಾಶಿಯ ಪಕ್ಕ ಬಿದ್ದಿದ್ದ ಮರಿ ಅದು. ಕಣ್ಣ ತುಂಬ ಪಿಸರು, ಹಿಂದೆಲ್ಲ ರಕ್ತಭೇದಿ. ಮೆಕ್ಕೆಜೋಳದ ವ್ಯಾಪಾರ ಮುಗಿಸಿ ಬರುತ್ತಿದ್ದ ಸಿದ್ಧಲಿಂಗೇಶ ಗೋಣಿಚೀಲದಲ್ಲಿ ಸುತ್ತಿ ಬೈಕಿನ ಟ್ಯಾಂಕಿನ ಮೇಲಿಟ್ಟುಕೊಂಡು ತಂದ. ದನದ ಡಾಕ್ಟರು ಉಳಿಯುವುದು ಕಷ್ಟ ಅಂದರೂ ಸೂಜಿ ಹಾಕಿದರು. ಆವತ್ತಿನಿಂದ ಮನೆಯ ಹಿಂದಿನ ಗೋದಾಮು ಆಸ್ಪತ್ರೆಯಾಯಿತು. ಜೋಳದ ಚೀಲಗಳ ಸಂದಿಯಲ್ಲಿ ಕೂತು ಅವನು ಸಿರಿಂಜಿನಿಂದ ಹನಿಹನಿಯಾಗಿ ಉಪ್ಪು-ಸಕ್ಕರೆ ನೀರು ಕುಡಿಸುತ್ತಿದ್ದ. ಸೊಸೆ ಒಂದು ದಿನ ತಡವಾಗಿ ಎದ್ದರೆ ಪಾತ್ರೆ ಕುಕ್ಕುವ ಅವನ ತಾಯಿ ಅಕ್ಕನಾಗಮ್ಮನಂತೂ ಇಟ್ಟಿಗೆ ಕಾಯಿಸಿ ಹಳೆ ಸೀರೆಯಲ್ಲಿ ಸುತ್ತಿ ಮರಿಯ ಹೊಟ್ಟೆಗೆ ಆನಿಸುತ್ತಿದ್ದಳು.

ಅಲ್ಲ, ಸಾಯಲು ಬಿದ್ದ ನಾಯಿಮರಿಯ ಮೇಲೆ ಯಾರಾದರೂ ಹೊಟ್ಟೆಕಿಚ್ಚು ಪಡುತ್ತಾರೆಯೇ? ಗಂಗಾಶ್ರೀ ಪಟ್ಟಳು. ಚೆನ್ನಾಗಿಯೇ ಪಟ್ಟಳು. ಗೋದಾಮಿನಿಂದ ಗಂಡನ ಮೆಲುದನಿ ಕೇಳಿದಾಗಲೆಲ್ಲ ಅವಳ ಎದೆಯಲ್ಲಿ ಒಲೆ ಹತ್ತಿದ ಹಾಗಾಗುತ್ತಿತ್ತು. ತನಗೇ ನಾಚಿಕೆಯಾಗುತ್ತಿತ್ತು, ಆದರೂ ಉರಿ ಆರುತ್ತಿರಲಿಲ್ಲ.

ಹೋದ ವರ್ಷ ಬಸಿರು ಇಳಿದುಹೋಗಿ ಅವಳು ಹಾಸಿಗೆ ಹಿಡಿದಿದ್ದಳು. ಗೋಡೆ ಹಿಡಿಯದೆ ಬಚ್ಚಲಿಗೂ ಹೋಗಲಾಗುತ್ತಿರಲಿಲ್ಲ. ಶಿಕಾರಿಪುರದ ಡಾಕ್ಟರಮ್ಮ, "ಮೈಯಲ್ಲಿ ರಕ್ತವೇ ಇಲ್ಲ, ದಿನಾ ಒಂದು ಮೊಟ್ಟೆ ಕೊಡಿ" ಅಂದರು. ಅಕ್ಕನಾಗಮ್ಮ ಕೊರಳಲ್ಲಿದ್ದ ಲಿಂಗದ ಕರಡಿಗೆ ಮುಟ್ಟಿಕೊಂಡು, "ಲಿಂಗ ಕಟ್ಟಿದ ಮನಿ ನಮ್ದು, ಅದರ ಹೆಸರೂ ಎತ್ತಬ್ಯಾಡ್ರಿ" ಅಂದಳು. ಸಿದ್ಧಲಿಂಗೇಶ ಆಸ್ಪತ್ರೆಯ ಸೂರಿನಲ್ಲಿ ತಿರುಗುವ ಫ್ಯಾನನ್ನು ನೋಡುತ್ತ ಕೂತ. ಬರುವಾಗ ಬೀಟ್‌ರೂಟು, ಖರ್ಜೂರ ಕೊಂಡ.

ಗಂಗಾಶ್ರೀ ತಿನ್ನುತ್ತಿದ್ದಳು ಅಂತಲ್ಲ. ಸೊರಬದ ಅವಳ ತವರಲ್ಲೂ ಮೊಟ್ಟೆ ಹೊಸ್ತಿಲು ದಾಟಿದ್ದಿಲ್ಲ. ಆದರೆ ತಿನ್ನುತ್ತೀಯಾ ಅಂತ ಗುಟ್ಟಾಗಿ ಒಂದು ಮಾತು ಕೇಳಿದ್ದರೆ ಅವನ ಗಂಟೇನು ಹೋಗುತ್ತಿತ್ತು? ಕೇಳಲಿಲ್ಲ. ಆ ಕೇಳದ ಮಾತನ್ನು ಅವಳು ಮರೆತಿರಲಿಲ್ಲ.

ಅಂತೂ ಮರಿಯ ವಾಂತಿ ನಿಂತಿತು, ಕಾಲೂರಿ ನಿಲ್ಲತೊಡಗಿತು. ಅವತ್ತು ಬೆಳಿಗ್ಗೆ ಗಂಗಾಶ್ರೀ ರೊಟ್ಟಿ ಬಡಿದು ಮುಗಿಸಿ ಗಂಡನನ್ನು ತಿಂಡಿಗೆ ಕರೆಯಲು ಹೋದರೆ ಗೋದಾಮಿನ ಬಾಗಿಲು ಅರ್ಧ ಮುಚ್ಚಿತ್ತು. ಒಳಗಿಂದ ಎಂಥದೋ ಹೊಸ ವಾಸನೆ.

"ಲಗೂನ ತಿನ್ಸೋ, ಗಂಗಾ ಬಂದುಗಿಂದಾಳು" ಅನ್ನುವ ಅತ್ತೆಯ ಪಿಸುಮಾತು ಕೇಳಿತು.

ಗಂಗಾಶ್ರೀ ಬಾಗಿಲು ತಳ್ಳಿದಳು. ಅಕ್ಕನಾಗಮ್ಮ ಮೂಗಿಗೆ ಸೆರಗು ಒತ್ತಿಕೊಂಡು ಮರಿಯನ್ನು ತೊಡೆಯ ಮೇಲಿಟ್ಟುಕೊಂಡಿದ್ದಳು. ಸಿದ್ಧಲಿಂಗೇಶ ಕುಕ್ಕರಗಾಲಲ್ಲಿ ಕೂತು ಬೇಯಿಸಿದ ಮೊಟ್ಟೆ ಸುಲಿಯುತ್ತಿದ್ದ. ಸಿಪ್ಪೆ ಪೇಪರಿನ ಮೇಲೆ ಬಿದ್ದಿತ್ತು.

"ಬಂದೆ ಅತ್ತೆ" ಅಂದಳು ಗಂಗಾಶ್ರೀ.

ಅಕ್ಕನಾಗಮ್ಮ ಮೂಗಿನಿಂದ ಸೆರಗು ತೆಗೆದಳು. "ಮರಿಗೆ ಕಸುವು ಬರ್ಬೇಕಂದ್ರ ಇದನ್ನ ಕೊಡ್ರಿ ಅಂತ ದನದ ಡಾಕ್ಟರು ಹೇಳ್ಯಾರವ್ವ. ಮೂಕಪ್ರಾಣಿ. ಅದಕ್ಕೇನು ನಾವು ಲಿಂಗ ಕಟ್ಟೀವಾ?"

"ನಂಗೂ ಡಾಕ್ಟರೇ ಹೇಳಿದ್ದು."

"ಅದು ಬ್ಯಾರೆ, ನಿಂದು ಬ್ಯಾರೆ."

"ಹೌದು ಬೇರೆ. ಅದು ಸತ್ತುಹೋಗಿದ್ರೆ ನಿಮಗೆ ಸಂಕಟ ಆಗ್ತಿತ್ತು."

"ಗಂಗಾ, ಎಂಥ ಮಾತಾಡ್ತಿ!" ಅಂದ ಸಿದ್ಧಲಿಂಗೇಶ.

"ನೀವು ಸುಮ್ನಿರಿ. ಆವತ್ತೂ ಸುಮ್ನಿದ್ರಲ್ಲ, ಇವತ್ತೂ ಇರಿ." ಅವಳು ಮೊಟ್ಟೆಯತ್ತ ಕೈ ತೋರಿಸಿದಳು. "ಎಲ್ಲಿಂದ ತಂದ್ರಿ ಇದನ್ನ?"

"ಬಸ್‌ಸ್ಟ್ಯಾಂಡ್ ಹತ್ರದ ಆಮ್ಲೆಟ್ ಗಾಡಿಯಾಗ." ಅವನು ತಲೆ ತಗ್ಗಿಸಿದ. "ಹೆಲ್ಮೆಟ್ ತೆಗೀಲೇ ಇಲ್ಲ. ನಮ್ಮ ಮಂದಿ ಯಾರಾದ್ರೂ ನೋಡ್ಯಾರು ಅಂತ."

ಪೊಲೀಸರು ನಿಂತ ಸರ್ಕಲ್ಲಿನಲ್ಲೂ ಹೆಲ್ಮೆಟ್ ಹಾಕದ ಮನುಷ್ಯ! ಬೇರೆ ದಿನವಾಗಿದ್ದರೆ ಗಂಗಾಶ್ರೀ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು. ಈಗ ನಗು ಬರಲಿಲ್ಲ. ಕದ್ದು ಹೋಗಲು ಬರುತ್ತಿತ್ತು ಹಾಗಾದರೆ ಇವನಿಗೆ. ಉಪಾಯ ಗೊತ್ತಿತ್ತು, ಧೈರ್ಯವೂ ಇತ್ತು. ತನ್ನ ಪಾಲಿಗೆ ಮಾತ್ರ ಇರಲಿಲ್ಲ.

ಅವಳು ಗಂಡನ ಎದುರಿಗೆ ನೆಲದ ಮೇಲೆ ಕೂತಳು.

"ಅದನ್ನ ನಂಗೆ ಕೊಡಿ."

"ಒಂದೇ ತಂದೀನಿ" ಅಂದ ಅವನು, ದಡ್ಡನ ಹಾಗೆ.

"ಒಂದೇ ಸಾಕು."

ಅವನು ಮೊಟ್ಟೆ ನೀಡಿದ. ಅವಳು ಕೈ ಚಾಚಲಿಲ್ಲ. "ಕೈಗೆ ಬೇಡ. ಅದಕ್ಕೆ ಹೆಂಗೆ ತಿನ್ನಿಸ್ತೀರೋ ಹಂಗೇ ತಿನ್ನಿಸಿ."

ಸಿದ್ಧಲಿಂಗೇಶ ತಾಯಿಯ ಮುಖ ನೋಡಿದ.

"ಅತ್ತ ಯಾಕ್ರೀ ನೋಡ್ತೀರಿ? ಇತ್ತ ನೋಡಿ."

ಅವನು ನೋಡಿದ. ಬಹಳ ಹೊತ್ತು ನೋಡಿದ. ಆಮೇಲೆ ಒಂದು ಚೂರು ಮುರಿದು ಅವಳ ಬಾಯಿಗಿಟ್ಟ. ಅವಳು ಕಣ್ಣು ಮುಚ್ಚಿ ಅಗಿದಳು. ಉಗುಳಲಿಲ್ಲ, ನುಂಗಿದಳು.

"ಇನ್ನೊಂದು ತುತ್ತು."

ಅಕ್ಕನಾಗಮ್ಮ ಮರಿಯನ್ನು ಕೆಳಗಿಳಿಸಿ ಎದ್ದು ಮನೆಯೊಳಗೆ ನಡೆದಳು. ಸ್ನಾನ ಮಾಡಿ ವಿಭೂತಿ ಹಚ್ಚಿಕೊಂಡು ಪೂಜೆಗೆ ಕೂರುತ್ತಾಳೆ, ಇನ್ನು ಸಂಜೆಯ ತನಕ ಮಾತಿಲ್ಲ ಅಂತಲೇ ಇಬ್ಬರೂ ತಿಳಿದರು. ಆದರೆ ಅವಳು ಹಿಂದಕ್ಕೆ ಬಂದಳು. ಒಳಗೆ ಕಾಲಿಡದೆ, ಅಡಿಗೆಮನೆಯ ಉಪ್ಪಿನ ಬಟ್ಟಲನ್ನು ಗೋದಾಮಿನ ಹೊಸ್ತಿಲ ಮೇಲಿಟ್ಟು ಮುಖ ಆಚೆ ತಿರುಗಿಸಿ ನಿಂತಳು.

"ಸಪ್ಪಂದು ಹೆಂಗ ಇಳೀತತಿ ಅದು" ಅಂದಳು.

ಸಿದ್ಧಲಿಂಗೇಶ ಉಪ್ಪಿಗೆ ಅದ್ದಿ ಅದ್ದಿ ತಿನ್ನಿಸಿದ. ಮರಿ ತಟ್ಟಾಡುತ್ತ ನಡೆದುಬಂದು ಗಂಗಾಶ್ರೀಯ ಮೊಣಕಾಲಿಗೆ ಮೂತಿ ಇಟ್ಟು, ಬಾಲ ಆಡಿಸುತ್ತ, ಅವಳ ಬಾಯಿಯನ್ನೇ ನೋಡತೊಡಗಿತು. ಗಂಗಾಶ್ರೀ ಗಂಡನ ಬೆರಳಿಗೆ ಅಂಟಿದ್ದ ಹಳದಿಯನ್ನೂ ಬಿಡಲಿಲ್ಲ.