ಮೋಟುವಿನ ನಿಲ್ಲದ ರಕ್ತ

ಗಿರಣಿಯ ಬಾಗಿಲು ತೆರೆದಾಗಲೇ ನಮಗೆ ಬೂದಿ ತೀರಿಹೋದದ್ದು ತಿಳಿಯಿತು. ನನ್ನ ತಮ್ಮನ ಹಿಟ್ಟಿನ ಗಿರಣಿ ಕಾಯುತ್ತಿದ್ದ ಕರಿನಾಯಿ ಅವಳು. ಮೈಮೇಲೆ ಸದಾ ಹಿಟ್ಟು ಕೂತಿರುತ್ತಿದ್ದುದರಿಂದ ಆ ಹೆಸರು. ಚೀಲಗಳ ಹಿಂದೆ ನಿದ್ದೆ ಹೋದಂತೆ ಮಲಗಿದ್ದಳು. ಒಂದೂ ಗಾಯವಿಲ್ಲ. ಹೊಟ್ಟೆಯ ಚರ್ಮದಡಿ ಮಾತ್ರ ನೇರಳೆ ಕಲೆಗಳು.

"ವಯಸ್ಸಾಗಿತ್ತು ಅಣ್ಣ" ಎಂದ ತಮ್ಮ. ನನಗೆ ಸಮಾಧಾನವಾಗಲಿಲ್ಲ. ಪ್ರಾರ್ಥನೆಗೆ ಕೂತರೂ ಕಣ್ಣ ಮುಂದೆ ಆ ಕಲೆಗಳೇ.

ಮರುದಿನ ಅವಳ ಮಗಳು, ಮೋಟು ಬಾಲದ ಮೋಟು, ತಟ್ಟೆ ಮುಟ್ಟಲಿಲ್ಲ. ಕೂತಲ್ಲಿ ಕೂರಲಿಲ್ಲ, ನಿಂತಲ್ಲಿ ನಿಲ್ಲಲಿಲ್ಲ. ಮೂಗಿನಿಂದ ರಕ್ತ ತೊಟ್ಟಿಕ್ಕಿ ನೆಲದ ಹಿಟ್ಟಿನ ಮೇಲೆ ಚುಕ್ಕಿ ಬಿದ್ದವು.

"ಎಲ್ಲೋ ಮೂಗು ತಗುಲಿಸಿಕೊಂಡಿದೆ. ತಾನೇ ನಿಲ್ಲುತ್ತೆ ಬಿಡು," ಎಂದ ತಮ್ಮ.

"ನಿಲ್ಲೋದಾಗಿದ್ರೆ ಬೆಳಿಗ್ಗೆನೇ ನಿಲ್ತಿತ್ತು," ಎಂದಳು ತಮ್ಮನ ಹೆಂಡತಿ. "ಸುಮ್ನೆ ಗಾಡಿ ತೆಗೀರಿ."

ಪಶುವೈದ್ಯೆ ಮೋಟುವಿನ ತುಟಿ ಎತ್ತಿ ನೋಡಿದರು. ಒಸಡು ಬಿಳಿಚಿತ್ತು. ಪರೀಕ್ಷೆಗೆ ರಕ್ತ ತೆಗೆದು ಹತ್ತಿ ಒತ್ತಿದರು. ಹತ್ತಿ ಕೆಂಪಾಯಿತು. ಬೇರೆ ಹತ್ತಿಯೂ ಕೆಂಪಾಯಿತು.

"ನೋಡಿ, ರಕ್ತ ಹೆಪ್ಪುಗಟ್ತಾ ಇಲ್ಲ. ಉಣ್ಣಿ ಕಚ್ಚಿ ಬರೋ ಜ್ವರದಿಂದ ಹೀಗಾಗಬಹುದು. ಲಿವರ್ ಕೆಟ್ಟರೆ, ಹಾವು ಕಚ್ಚಿದರೆ, ಬಿಸಿಲು ಬಡಿದರೂ ಆಗಬಹುದು. ಕೆಲವು ಕಾಯಿಲೆಗಳಲ್ಲಿ ರಕ್ತ ಒಳಗೊಳಗೇ ಹೆಪ್ಪುಗಟ್ಟಿ, ಬೇಕಾದ ಕಡೆ ಕಟ್ಟೋ ಶಕ್ತಿನೇ ಮುಗಿದುಹೋಗಿರುತ್ತೆ. ಒಂದೊಂದಕ್ಕೂ ಮದ್ದು ಬೇರೆ. ನಾವು ನೀವು ನುಂಗೋ ನೋವಿನ ಮಾತ್ರೆ ಏನಾದ್ರೂ ಕೊಟ್ರಾ? ಇಲಿ ಪಾಷಾಣ ಇಟ್ಟಿದ್ರಾ?"

ಬಾಗಿಲ ಬಳಿ ಬೆಕ್ಕು ಹಿಡಿದು ಕೂತಿದ್ದವರು ನಮ್ಮ ಗಿರಣಿಯ ಗಿರಾಕಿ. ತಮ್ಮ ಅವರತ್ತ ಕಣ್ಣು ಹಾಯಿಸಿದ.

"ಹಿಟ್ಟಿನ ಗಿರಣೀಲಿ ಪಾಷಾಣ ಯಾರಿಡ್ತಾರೆ ಡಾಕ್ಟ್ರೇ?"

ಮೂರನೆಯ ಹತ್ತಿಯೂ ನೆನೆಯತೊಡಗಿತು. ಅವನ ಹೆಂಡತಿಗೆ ತಡೆಯಲಾಗಲಿಲ್ಲ. "ಗಿರಾಕಿ ಮುನಿಸಿಕೊಂಡ್ರೆ ಮತ್ತೆ ಬರ್ತಾರೆ. ಇವಳು ಬರ್ತಾಳಾ? ಬಾಯಿ ಬಿಡ್ರೀ!"

"ಇಟ್ಟಿದ್ದೆ," ಎಂದ ತಮ್ಮ ಮೆಲ್ಲಗೆ. "ಆದರೆ ಅಟ್ಟದ ಮೇಲೆ. ನಾಯಿಗೇನು ರೆಕ್ಕೆ ಇದೆಯಾ?"

"ಇಲಿಗೆ ಕಾಲಿದೆಯಲ್ಲ ಯಜಮಾನ್ರೇ!" ಎಂದರು ವೈದ್ಯೆ. "ಪಾಷಾಣದ ಬಿಲ್ಲೆ ಕಚ್ಚಿಕೊಂಡು ಕೆಳಗೆ ತರುತ್ತೆ. ನಾಯಿ ತಿಂದ ದಿನ ಏನೂ ಗೊತ್ತಾಗಲ್ಲ. ಕೆಲವು ದಿನ ಕಳೆದ ಮೇಲೆ ರಕ್ತ ಸೋರೋಕೆ ಶುರು. ಯಾವ ಪಾಷಾಣ ಅಂತ ನೋಡಬೇಕು, ಪೊಟ್ಟಣ ತನ್ನಿ, ಓಡಿ!"

ಓಡಿದ. ಪೊಟ್ಟಣದ ಜೊತೆ ಅರ್ಧ ಕಡಿದ ನೀಲಿ ಬಿಲ್ಲೆಯನ್ನೂ ತಂದ. "ಬೂದಿ ಮಲಗಿದ್ದ ಜಾಗದಲ್ಲೇ ಸಿಕ್ತು ಅಣ್ಣ," ಎಂದವನೇ ಗೋಡೆಯ ಕಡೆ ತಿರುಗಿದ.

ಪೊಟ್ಟಣ ಓದಿದ ವೈದ್ಯೆ ಕೂಡಲೇ ಆ ಪಾಷಾಣಕ್ಕೆ ಮದ್ದಾದ, ರಕ್ತ ಹೆಪ್ಪುಗಟ್ಟಲು ಬೇಕಾದ ವಿಟಮಿನ್ ಕೆ ಶುರುಮಾಡಿದರು. ವಾರಗಟ್ಟಲೆ ಕೊಟ್ಟ ಮೇಲೆ ಮೋಟು ಉಳಿದಳು. ಈಗ ಗಿರಣಿಯಲ್ಲಿ ಪಾಷಾಣವಿಲ್ಲ, ಇಲಿಬೋನುಗಳಿವೆ. ಏಕೆಂದು ಗಿರಾಕಿಗಳಿಗೆ ತಮ್ಮನೇ ಹೇಳುತ್ತಾನೆ.

ಓದುವ ಬಂಧುಗಳೇ, ನಾಯಿಯ ಮೂಗಿನಲ್ಲೋ ಮೂತ್ರದಲ್ಲೋ ರಕ್ತ ಕಂಡರೆ, ಒಸಡು ಬಿಳಿಚಿದರೆ, ಹೊಟ್ಟೆಯ ಮೇಲೆ ಕಲೆ ಎದ್ದರೆ, ನಾಳೆ ನೋಡೋಣ ಎನ್ನಬೇಡಿ. ಉಣ್ಣಿಗಳನ್ನು ದೂರವಿಡಿ. ನಿಮ್ಮ ಮಾತ್ರೆಗಳನ್ನು ನಾಯಿಗೆ ಕೊಡಬೇಡಿ. ವೈದ್ಯರೆದುರು ಏನನ್ನೂ ಮುಚ್ಚಿಡಬೇಡಿ. ಆ ಮೂಕ ಜೀವದ ಪರವಾಗಿ ಮಾತಾಡಬೇಕಾದವರು ನೀವೇ.

ದೇವರೇ, ನಮ್ಮ ಬಾಗಿಲು ಕಾದ ಬೂದಿಯನ್ನು ಇನ್ನು ನಿನ್ನ ಬಾಗಿಲಲ್ಲಿ ನೆಮ್ಮದಿಯಾಗಿ ಮಲಗಲು ಬಿಡು.